ಮಹಿಳೆಯರ ಗಮನಕ್ಕೆ, ಸಂಪೂರ್ಣ ಉಚಿತ

ಇಪ್ಪತ್ತೆರಡು ವರ್ಷದಿಂದ ಆ ಊರಿನ ಬಸ್ ನಿಲ್ದಾಣದಲ್ಲಿ ಒಂದೇ ಧ್ವನಿ. ಬಸ್ಸುಗಳು ಬದಲಾದವು, ಬಸ್ಸುಗಳ ಬಣ್ಣ ಬದಲಾಯಿತು, ಮೂವರು ಕಂಟ್ರೋಲರುಗಳು ರಕ್ತದೊತ್ತಡ ತಂದುಕೊಂಡು ನಿವೃತ್ತರಾದರು. ಧ್ವನಿ ಮಾತ್ರ ಹಾಗೇ ಇತ್ತು. "ಪ್ರಯಾಣಿಕರು ದಯವಿಟ್ಟು ಗಮನಿಸಿ" ಎಂದು ಅದು ಶುರುವಾದರೆ ಓಡುತ್ತಿದ್ದವರು ನಿಲ್ಲುತ್ತಿದ್ದರು, ನಿಂತಿದ್ದವರು ಓಡುತ್ತಿದ್ದರು, ಎರಡೂ ಮಾಡದವರು ತಮ್ಮ ಚೀಲವನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಧ್ವನಿಯ ಒಡೆಯನಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿತ್ತು. ಊರಿನ ಬಾಯಲ್ಲಿ ಅವನು ದಯವಿಟ್ಟಪ್ಪ.

ಧ್ವನಿ ಕೆಡಬಾರದೆಂದು ದಯವಿಟ್ಟಪ್ಪ ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತುತ್ತಿದ್ದ. ತಣ್ಣೀರು ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಜಗಳವಾದರೆ ಕೈಸನ್ನೆಯಲ್ಲೇ ಆಡುತ್ತಿದ್ದ. ವಿಚಿತ್ರವೆಂದರೆ, ಗಾಜಿನ ಗೂಡಿನಲ್ಲಿ ಕೂತು ನಾಲ್ಕು ಸಾವಿರ ಜನರೊಂದಿಗೆ ಒಂದೇ ಉಸಿರಿನಲ್ಲಿ ಮಾತಾಡಬಲ್ಲ ಈ ಮನುಷ್ಯ, ಎದುರಿಗೆ ಒಬ್ಬರೇ ಕೂತರೆ ಉಪ್ಪು ಕೊಡಿ ಎಂದು ಕೇಳಲೂ ಒದ್ದಾಡುತ್ತಿದ್ದ. ಅವನ ಮದುವೆಯನ್ನೂ ಅಕ್ಕನೇ ಮಾತಾಡಿ ಮುಗಿಸಿದ್ದಳು. ಅವನು ತಲೆಯಾಡಿಸಿದ್ದ, ಅದೂ ಎರಡನೇ ಸಲ ಕೇಳಿದಾಗ.

ಅಕ್ಕ ಎಂದರೆ ಬರೀ ಅಕ್ಕನಲ್ಲ. ಅವನಿಗೆ ಏಳು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಹದಿನೇಳರ ಅಕ್ಕ ಆ ಕೆಲಸವನ್ನು ಯಾರೂ ಹೇಳದೆ ವಹಿಸಿಕೊಂಡಳು. ಈಗ ಅವಳಿಗೆ ಐವತ್ತೊಂದು, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಾಳೆ. ಬೈಂಡಿಂಗ್ ಅಂಗಡಿಯಲ್ಲಿ ದಿನವಿಡೀ ಹಾಳೆ ಮಡಚಿ, ಹೊಲಿದು, ಅಂಟು ಹಾಕಿ ಸಂಜೆ ಮನೆಗೆ ಬಂದರೆ ತಮ್ಮ, ತಮ್ಮನ ಹೆಂಡತಿ, ತಮ್ಮನ ಹದಿಮೂರರ ಮಗಳು, ಮೂವರನ್ನೂ ಅಂಚು ಕತ್ತರಿಸದ ಪುಸ್ತಕಗಳನ್ನು ನೋಡುವಂತೆ ನೋಡುತ್ತಿದ್ದಳು.

ಒಂದು ಭಾನುವಾರ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಾ ತಗ್ಗಿದ ದನಿಯಲ್ಲಿ ಹೇಳಿದಳು.

"ಅಕ್ಕನಿಗೆ ಮುಟ್ಟು ನಿಂತು ಎರಡು ವರ್ಷ ಆಯ್ತು. ಈಗ ಮತ್ತೆ ಆಗಾಗ ರಕ್ತ ಕಾಣಿಸ್ತಿದೆ. ಎರಡು ತಿಂಗಳಾಯ್ತಂತೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ ನಿನ್ನ ಕೆಲಸ ನೋಡ್ಕೋ ಅಂದ್ರು. ಎರಡು ದಿನದಿಂದ ನನ್ನ ಹತ್ರ ಮಾತೂ ಇಲ್ಲ. ನೀವು ಹೇಳಿ."

"ನಾನಾ?"

"ಅಲ್ಲ, ಪಕ್ಕದ ಮನೆಯವರು. ನೀವೇ ರೀ! ನಿಮ್ಮ ಮಾತಾದ್ರೆ ಕೇಳ್ತಾರೆ."

ದಯವಿಟ್ಟಪ್ಪ ಅಂದು ಊಟಕ್ಕೆ ಕೂತಾಗ ಅಕ್ಕನ ಮುಖ ನೋಡಿದ. ಬಾಯಿ ತೆರೆದ. "ನಾಳೆ ಮಳೆ ಬರಬಹುದು" ಎಂದ. ಹೆಂಡತಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು.

ಮರುದಿನ ಅವನು ಬಸ್ ನಿಲ್ದಾಣದ ಹಿಂದಿನ ಗೋಡೆಗೆ ತಾಗಿಕೊಂಡಿದ್ದ ಆರೋಗ್ಯ ಕೇಂದ್ರಕ್ಕೆ ಹೋದ. ಅಲ್ಲಿ ನರ್ಸಮ್ಮ ಒಬ್ಬಳೇ ಕೂತು ಖಾಲಿ ಕುರ್ಚಿಗಳನ್ನು ನೋಡುತ್ತಿದ್ದಳು.

"ನನಗೆ ಪರಿಚಯದವರೊಬ್ಬರು ಇದ್ದಾರೆ" ಎಂದ ದಯವಿಟ್ಟಪ್ಪ. "ಅವರಿಗೆ, ಅಂದರೆ, ನಿಂತಿದ್ದು ಮತ್ತೆ ಹೊರಟಿದೆ."

"ಏನು, ಬಸ್ಸಾ?"

ಅವನು ಮೇಜಿನ ಮೇಲಿದ್ದ ಚೀಟಿಯಲ್ಲಿ ಬರೆದ. ಬರೆದದ್ದನ್ನು ಮಗುಚಿ ಅವಳತ್ತ ತಳ್ಳಿದ. ನರ್ಸಮ್ಮ ಓದಿ ಕನ್ನಡಕ ತೆಗೆದಳು.

"ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ ಕಾಯಬಾರದು. ಇವತ್ತೇ ಕರ್ಕೊಂಡು ಬನ್ನಿ. ಏನೂ ಇಲ್ಲದೆ ಇರಬಹುದು, ಇರಲೂಬಹುದು. ನೋಡದೆ ಹೇಗೆ ಹೇಳಲಿ?"

"ಹೇಳ್ತೀನಿ."

"ಯಾವಾಗ?"

"ಸಂದರ್ಭ ನೋಡಿ."

"ಸಂದರ್ಭಕ್ಕೆ ನಾನೇನು ಪತ್ರ ಬರೀಲಾ?" ಎಂದವಳು ತಟ್ಟನೆ ಅವನ ಮುಖ ನೋಡಿದಳು. "ತಡೀರಿ, ನೀವು ಆ ಮೈಕಿನವರಲ್ವಾ? ದೇವರು ಕಳಿಸಿದ ಹಾಗೆ ಬಂದ್ರಿ."

ಅವಳ ಸಂಕಟವೇ ಬೇರೆ. ಮುಂದಿನ ವಾರದ ಗುರುವಾರ ಕೇಂದ್ರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇತ್ತು. ಹಿಂದಿನ ಸಲ ಬಂದವರು ಏಳು ಜನ, ಅವರಲ್ಲಿ ಇಬ್ಬರು ಶೌಚಾಲಯ ಹುಡುಕಿಕೊಂಡು ಬಂದವರು. "ಏನಾದ್ರೂ ಆದ ಮೇಲೆ ಓಡಿ ಬರ್ತಾರೆ. ಏನೂ ಆಗದೆ ಇರುವಾಗಲೇ ಬನ್ನಿ, ಅದಕ್ಕೇ ಈ ಪರೀಕ್ಷೆ ಇರೋದು ಅಂದ್ರೆ ನನಗೇ ತಲೆ ಕೆಟ್ಟಿದೆ ಅಂತಾರೆ. ನಿಮ್ಮ ಧ್ವನಿಯಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿಕೊಡಿ. ಆಟೋಗೆ ಕಟ್ಟಿ ಊರೆಲ್ಲ ತಿರುಗಿಸ್ತೀನಿ."

ದಯವಿಟ್ಟಪ್ಪನ ಎದೆಯಿಂದ ಒಂದು ಬಸ್ಸು ಇಳಿದಂತಾಯಿತು. ಒಬ್ಬಳಿಗೆ ಹೇಳಲಾಗದ್ದನ್ನು ಊರಿಗೆಲ್ಲ ಹೇಳಬಹುದು! ಊರಿನೊಳಗೆ ಅಕ್ಕನೂ ಇದ್ದಾಳೆ. ಊರಿಗೆ ಹೇಳಿದರೆ ಅಕ್ಕನಿಗೂ ಹೇಳಿದಂತೆಯೇ. ಇಷ್ಟು ಸ್ವಚ್ಛವಾದ ಲೆಕ್ಕ ಅವನಿಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.

ನರ್ಸಮ್ಮ ಬರೆದುಕೊಟ್ಟ ಕಾಗದದಲ್ಲಿ ಎಲ್ಲವೂ ಇತ್ತು: ಯಾವ ಪರೀಕ್ಷೆ, ಯಾರಿಗೆ, ಯಾಕೆ, ಎಲ್ಲಿ, ಹೆಣ್ಣುಮಕ್ಕಳಿಗೆ ಯಾವ ಲಸಿಕೆ. ಗೂಡಿನಲ್ಲಿ ಕೂತು ದಯವಿಟ್ಟಪ್ಪ ಅದನ್ನು ಒಮ್ಮೆ ಮನಸ್ಸಿನಲ್ಲೇ ಓದಿದ. ಕಿವಿ ಬಿಸಿಯಾಯಿತು. ಅವನ ಪ್ರಕಾರ ಘೋಷಣೆ ಎಂದರೆ ಕೇಳಿದವರಿಗೆ ಗೊತ್ತಾಗಬೇಕು, ಆದರೆ ಪಕ್ಕದಲ್ಲಿ ನಿಂತವರಿಗೆ ಮುಜುಗರವಾಗಬಾರದು. 'ಗರ್ಭಕಂಠ' ಎಂಬುದನ್ನು ಹೊಡೆದು ಹಾಕಿದ. ಅದು ಹೋದ ಮೇಲೆ 'ಕ್ಯಾನ್ಸರ್' ಒಂಟಿಯಾಗಿ ನಿಂತು ಹೆದರಿಸುತ್ತಿತ್ತು, ಅದನ್ನೂ ಹೊಡೆದ. ಆಗ 'ತಪಾಸಣೆ' ಯಾವುದರದ್ದು ಎಂದು ತಿಳಿಯದೆ ಅಸಭ್ಯವಾಗಿ ಕಂಡಿತು. ಅದೂ ಹೋಯಿತು. 'ಆರೋಗ್ಯ ಕೇಂದ್ರ' ಎಂದರೆ ಜನ ಊಹಿಸಿಬಿಡುತ್ತಾರೆ. 'ಲಸಿಕೆ' ಎಂದರೆ ಮಕ್ಕಳು ಅಳುತ್ತಾರೆ. ಕೊನೆಗೆ ಉಳಿದದ್ದನ್ನು ಮೈಕಿಗೆ ಬಾಯಿಟ್ಟು, ಇಪ್ಪತ್ತೆರಡು ವರ್ಷದ ಅನುಭವವನ್ನೆಲ್ಲ ಸುರಿದು ಓದಿದ:

"ಮಹಿಳೆಯರು ದಯವಿಟ್ಟು ಗಮನಿಸಿ. ಮೂವತ್ತರಿಂದ ಅರವತ್ತೈದು ವರ್ಷದ ಎಲ್ಲ ಮಹಿಳೆಯರಿಗೆ ಸಂಪೂರ್ಣ ಉಚಿತ. ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ, ಬಸ್ ನಿಲ್ದಾಣದ ಬಳಿ. ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳನ್ನೂ ಕರೆತನ್ನಿ. ಈ ಅವಕಾಶ ತಪ್ಪಿಸಿಕೊಳ್ಳಬೇಡಿ."

ಮರುವಾರ ಮಂಗಳವಾರ ಆಟೋ ಹೊರಟಿತು. ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಇದರಲ್ಲಿ ವಿಷಯ ಎಲ್ಲಿ?"

"ಧ್ವನಿಯಲ್ಲೇ ಇದೆ" ಎಂದ ದಯವಿಟ್ಟಪ್ಪ. "ಸೂಕ್ಷ್ಮ. ಹೆಂಗಸರಿಗೆ ಅರ್ಥ ಆಗುತ್ತೆ."

"ನಾನೂ ಹೆಂಗಸೇ. ನನಗೆ ಮೊದಲೇ ಗೊತ್ತಿದ್ದೂ ಅರ್ಥ ಆಗಲಿಲ್ಲ."

ಮಗಳು ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಅಪ್ಪಾ, ಅದು ಗರ್ಭಕಂಠ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಇದೆ. ತೋರಿಸ್ಲಾ?"

ದಯವಿಟ್ಟಪ್ಪ ಮಫ್ಲರನ್ನು ಕಿವಿಯವರೆಗೆ ಎಳೆದುಕೊಂಡ.

ಆದರೆ ಊರಿಗೆ ಅರ್ಥವಾಗಿತ್ತು. ತಪ್ಪಾಗಿ ಆಗಿತ್ತು, ಅದು ಬೇರೆ ಮಾತು. ಆ ಧ್ವನಿ ಇಪ್ಪತ್ತೆರಡು ವರ್ಷದಲ್ಲಿ ಬಸ್ಸನ್ನಲ್ಲದೆ ಇನ್ನೇನನ್ನೂ ಹೇಳಿರಲಿಲ್ಲ. ಆ ಧ್ವನಿಯೇ ಉಚಿತ ಎಂದಿದೆ, ಒಂಬತ್ತು ಗಂಟೆ ಎಂದಿದೆ, ಬಸ್ ನಿಲ್ದಾಣ ಎಂದಿದೆ. ಅಂದ ಮೇಲೆ ಇದು ಮಹಿಳೆಯರಿಗೆಂದೇ ಏರ್ಪಡಿಸಿದ ಪ್ರವಾಸವಲ್ಲದೆ ಇನ್ನೇನು? ಎಲ್ಲಿಗೆ ಎಂಬುದೊಂದೇ ಪ್ರಶ್ನೆ. ಸಮುದ್ರಕ್ಕೆ ಎಂದು ಹೊಲಿಗೆ ಅಂಗಡಿಯಲ್ಲಿ ತೀರ್ಮಾನವಾಯಿತು. ಅಣೆಕಟ್ಟಿಗೆ ಎಂದು ಅಂಚೆ ಕಚೇರಿ ವಾದಿಸಿತು.

ಬುಧವಾರ ಬೆಳಿಗ್ಗೆ ಪಕ್ಕದ ಮನೆಯ ನಿವೃತ್ತ ಟೀಚರ್ ಕಾಂಪೌಂಡಿನ ಮೇಲಿಂದ ದಯವಿಟ್ಟಪ್ಪನನ್ನು ಹಿಡಿದರು. ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದ್ದವರು, ವಿವರ ಬಿಡುವವರಲ್ಲ.

"ನಾಳೇದು ನಿಜವೇನಪ್ಪಾ?"

"ನಿಜ ಟೀಚರ್." ಟೀಚರ್ ತಾವಾಗಿ ಕೇಳಿದ್ದು ಅವನಿಗೆ ಹೆಮ್ಮೆ ತಂದಿತು. "ತಪ್ಪದೆ ಬನ್ನಿ."

"ಗಂಡಸರನ್ನ ಬಿಡಲ್ವಂತೆ?"

"ಛೆ ಛೆ, ಒಳಗೆ ಗಂಡಸರು ಹೇಗೆ!"

"ಒಳ್ಳೇದೇ ಆಯ್ತು, ನಮ್ಮನೆಯವರು ಎಲ್ಲಿಗೆ ಹೋದ್ರೂ ಗೊಣಗ್ತಾರೆ. ಬಟ್ಟೆ ಯಾವ ತರದ್ದು ಹಾಕ್ಕೊಳ್ಳಲಿ?"

ಅವನು ಟೀಚರ ಚಪ್ಪಲಿಯನ್ನೇ ನೋಡುತ್ತಾ ಹೇಳಿದ: "ಸಡಿಲವಾದದ್ದು ಒಳ್ಳೇದು ಅಂತ ನರ್ಸಮ್ಮ ಹೇಳಿದ್ರು."

"ಓ, ನರ್ಸ್ ಕೂಡ ಜೊತೆಗಿರ್ತಾರಾ! ಎಷ್ಟು ವ್ಯವಸ್ಥೆ! ಮಲಗೋಕೆ ಆಗುತ್ತಾ?"

"ಮಲಗಿಸಿಯೇ ಮಾಡೋದು."

"ಸ್ಲೀಪರ್! ಎಷ್ಟು ಹೊತ್ತು?"

"ಹತ್ತು ನಿಮಿಷ."

"ಹತ್ತು ನಿಮಿಷದಲ್ಲಿ ಏನಪ್ಪಾ ನೋಡೋಕಾಗುತ್ತೆ?"

"ನೋಡಬೇಕಾದವರು ನೋಡ್ತಾರೆ ಟೀಚರ್" ಎಂದವನೇ ದಯವಿಟ್ಟಪ್ಪ ಹೊರಟುಬಿಟ್ಟ. ಇಷ್ಟು ಕಷ್ಟದ ವಿಷಯವನ್ನು ಒಬ್ಬ ಹೆಂಗಸಿನ ಜೊತೆ ಇಷ್ಟು ಸಲೀಸಾಗಿ ಮಾತಾಡಿದ್ದು ಅವನ ಜೀವನದಲ್ಲೇ ಮೊದಲು. ಟೀಚರ್ ಮಾತ್ರ ಹತ್ತು ನಿಮಿಷ ಎಂದರೆ ನಡುವೆ ಬಸ್ ನಿಲ್ಲಿಸುವ ಹೊತ್ತಿರಬೇಕು ಎಂದುಕೊಂಡು ಆರು ಮನೆಗೆ ಸುದ್ದಿ ಮುಟ್ಟಿಸಿದರು.

ಸಂಜೆ ಅಕ್ಕ ಬೈಂಡಿಂಗ್ ಅಂಗಡಿಯಿಂದ ಬೇಗ ಬಂದಳು. ಬ್ಯಾಗ್ ತೆಗೆದಳು. ಒಂದು ಹೊದಿಕೆ, ಒಂದು ಟವೆಲ್, ನೀರಿನ ಬಾಟಲಿ ಇಟ್ಟಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ದಯವಿಟ್ಟಪ್ಪನ ಕಣ್ಣು ತುಂಬಿ ಬಂತು. ಹೊದಿಕೆ ಕೂಡ! ಏನೂ ಆಡದೆ ಎಲ್ಲವೂ ಅರ್ಥವಾಗಿದೆ ಇವಳಿಗೆ.

"ನೋಡಿದೆಯಾ?" ಎಂದು ಹೆಂಡತಿಗೆ ಪಿಸುಗುಟ್ಟಿದ. "ಸೂಕ್ಷ್ಮ."

ಹೆಂಡತಿ ನೋಡಿದಳು. ಅವಳಿಗೂ ಒಂದು ಕ್ಷಣ ಗಂಡನ ಬಗ್ಗೆ ಗೌರವ ಬಂತು. ಮುಂದೆ ಅದಕ್ಕಾಗಿ ಅವಳು ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

ಗುರುವಾರ ಎಂಟೂವರೆಗೆ ಕಂಟ್ರೋಲರ್ ತಮ್ಮ ಕೋಣೆಯಿಂದ ಹೊರಗೆ ಬಂದವರು ಹಾಗೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರು ನಿಂತಿದ್ದರು. ಚೀಲ, ಛತ್ರಿ, ದಿಂಬು, ಬಾಟಲಿ, ಕೈ ಹಿಡಿದ ಹೆಣ್ಣುಮಕ್ಕಳು. ಅರವತ್ತೆಂಟು ದಾಟಿದವರೊಬ್ಬರು ತಮಗೆ ಅರವತ್ನಾಲ್ಕೇ ಎಂದು ಸುತ್ತಲಿನವರಿಗೆಲ್ಲ ಸಾಧಿಸುತ್ತಿದ್ದರು. ಇಪ್ಪತ್ತೊಂಬತ್ತರ ಒಬ್ಬಳು ತನಗೆ ಮೂವತ್ತು ತುಂಬಿದೆ ಎಂದು ಕಣ್ಣೀರಿಟ್ಟು ಸುಳ್ಳು ಹೇಳುತ್ತಿದ್ದಳು. ಟೀಚರ್ ಎತ್ತರದ ದನಿಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ಆಗಷ್ಟೇ ಬಂದ ಮಾಮೂಲಿ ಬಸ್ಸೊಂದನ್ನು ಕಂಡ ಕೂಡಲೇ ನಲವತ್ತು ಜನ ಹತ್ತಿ ಕೂತುಬಿಟ್ಟರು. ಅದರ ನಿಜವಾದ ಪ್ರಯಾಣಿಕರು ಕೆಳಗೆ ನಿಂತು ಚಾಲಕನಿಗೆ ಬೈಯುತ್ತಿದ್ದರು, ಚಾಲಕ ಕಂಡಕ್ಟರನಿಗೆ ಬೈಯುತ್ತಿದ್ದ, ಕಂಡಕ್ಟರ್ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದುವುದನ್ನೇ ಮರೆತಿದ್ದ.

ಕಂಟ್ರೋಲರ್ ಕಿಟಕಿಯಿಂದ ಹಾರಿದರೋ ಏನೋ, ಒಂದು ನಿಮಿಷದಲ್ಲಿ ಗಾಜಿನ ಗೂಡಿನೊಳಗಿದ್ದರು.

"ಯಾವ ಬಸ್ ರೀ ಇದು? ನನ್ನ ಚಾರ್ಟಲ್ಲಿ ಇಲ್ಲ, ಡಿಪೋದವರಿಗೆ ಗೊತ್ತಿಲ್ಲ! ಎಲ್ಲರೂ ನಿಮ್ಮ ಹೆಸರು ಹೇಳ್ತಾರೆ!"

"ಬಸ್ಸಲ್ಲ ಸಾರ್" ಎಂದ ದಯವಿಟ್ಟಪ್ಪ. ಗಾಜಿನಾಚೆ ದಿಂಬುಗಳನ್ನು ಕಂಡು ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಂಡ.

"ಮತ್ತೇನು?"

"ಅದು... ಒಂದು ತರ..."

"ಏನು ತರ?"

"ಹೆಂಗಸರದ್ದು ಸಾರ್."

ಕಂಟ್ರೋಲರ್ ತಲೆಯ ಮೇಲೆ ಕೈ ಹೊತ್ತರು. "ನೀವೇ ಸೇರಿಸಿದ್ದು, ನೀವೇ ಚದುರಿಸಿ. ಈಗ. ಇಲ್ಲಾಂದ್ರೆ ನಾನು ಆ ನಲವತ್ತು ಜನದ ಜೊತೆ ಎಲ್ಲಿಗಾದ್ರೂ ಹೊರಟುಹೋಗ್ತೀನಿ."

ದಯವಿಟ್ಟಪ್ಪ ಗುಂಡಿ ಒತ್ತಿದ. "ಮಹಿಳೆಯರು ದಯವಿಟ್ಟು ಗಮನಿಸಿ." ಇನ್ನೂರು ಚೀಲಗಳು ಒಟ್ಟಿಗೆ ನೆಲದಿಂದ ಎದ್ದವು. "ಬಸ್ಸು ಇಲ್ಲ." ಚೀಲಗಳು ಇಳಿದವು. "ಇದು ಬೇರೆ. ಒಂದು ಪರೀಕ್ಷೆ." ಹೆಣ್ಣುಮಕ್ಕಳ ಪೈಕಿ ನಾಲ್ವರು ಅಳತೊಡಗಿದರು. "ಶಾಲೆಯ ಪರೀಕ್ಷೆ ಅಲ್ಲ. ದೇಹದ... ದೇಹದ ಒಂದು ಭಾಗದ..." ಅಲ್ಲಿಗೆ ಧ್ವನಿ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಸದ್ದು ಮಾತ್ರ ಕೇಳಿಸಿತು.

ಆಗ ಗೂಡಿನ ಬಾಗಿಲು ಒದ್ದಂತೆ ತೆರೆಯಿತು. ಆರೋಗ್ಯ ಕೇಂದ್ರದಲ್ಲಿ ಖಾಲಿ ಕುರ್ಚಿಗಳ ಮುಂದೆ ಬೆಳಗಿನಿಂದ ಕಾದಿದ್ದ ನರ್ಸಮ್ಮ, ಅವಳ ಹಿಂದೆ ಮಗಳ ಕೈ ಹಿಡಿದ ಅವನ ಹೆಂಡತಿ.

"ಏಳಿ" ಎಂದಳು ನರ್ಸಮ್ಮ. ಮೈಕ್ ಎಳೆದುಕೊಂಡಳು. ಅವಳ ಧ್ವನಿ ಒಡಕಲು, ಉಸಿರು ಬೇರೆ ಸಿಕ್ಕಿಕೊಳ್ಳುತ್ತಿತ್ತು.

"ಅಮ್ಮಂದಿರೇ ಅಕ್ಕಂದಿರೇ, ನಾನು ನರ್ಸ್. ಇದು ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ. ಗರ್ಭಕೋಶದ ಬಾಯಿ, ಅದೇ ಗರ್ಭಕಂಠ. ಎಚ್‌ಪಿವಿ ಅಂತ ಒಂದು ವೈರಸ್ ಅಲ್ಲಿಗೆ ಬರುತ್ತೆ. ನಡತೆ ಗಿಡತೆ ಅಂತ ಯಾರೂ ಮೂಗು ಮುರೀಬೇಡಿ, ಗಂಡನ ಜೊತೆ ಬಾಳಿದ ಯಾರಿಗೆ ಬೇಕಾದ್ರೂ ಬರುತ್ತೆ, ಹೆಚ್ಚಿನವರಿಗೆ ತಾನಾಗೇ ಹೋಗುತ್ತೆ. ಹೋಗದೆ ಉಳಿದ್ರೆ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಕೂತು ಕ್ಯಾನ್ಸರ್ ಮಾಡಬಹುದು. ಅಷ್ಟರೊಳಗೆ ನೋಡಿದ್ರೆ ಹಿಡೀಬಹುದು, ಗುಣ ಮಾಡಬಹುದು. ಹುಡುಗಿಯರಿಗೆ ಈಗಲೇ ಲಸಿಕೆ ಹಾಕಿಸಿದ್ರೆ ಬಹುಪಾಲು ಬರೋದೇ ಇಲ್ಲ. ಪರೀಕ್ಷೆ ಹತ್ತು ನಿಮಿಷ. ಒಳಗೆ ನಾನಿರ್ತೀನಿ, ಪರದೆ ಇರುತ್ತೆ. ಗೋಡೆಯ ಆಚೆ ಕೇಂದ್ರ. ಬರೋರು ಬನ್ನಿ."

ಮೊದಲು ಎದ್ದದ್ದು ಟೀಚರ ದನಿ:

"ಇದನ್ನ ಮೊದಲೇ ಹೇಳಿದ್ರೆ ದಿಂಬು ತರ್ತಿರಲಿಲ್ಲ!"

ಅಲ್ಲಿಂದ ಶುರುವಾಯಿತು. ಸಮುದ್ರ ಎಲ್ಲಿ ಎಂದು ಹೊಲಿಗೆ ಅಂಗಡಿಯವಳು ಗಾಜು ಬಡಿದಳು. ಮನೆಯಲ್ಲಿ ಮೂರು ದಿನದ ಅಡುಗೆ ಮಾಡಿಟ್ಟು ಬಂದಿದ್ದೇನೆ, ಅದನ್ನು ಈಗ ಯಾರು ತಿನ್ನುತ್ತಾರೆ ಎಂದು ಇನ್ನೊಬ್ಬಳು. ಅರವತ್ತೆಂಟರವರು ತಮ್ಮ ನಿಜವಾದ ವಯಸ್ಸನ್ನು ದೊಡ್ಡ ದನಿಯಲ್ಲಿ ಒಪ್ಪಿಕೊಂಡು ಮನೆ ಕಡೆ ತಿರುಗಿದರು. "ಹೇಗೂ ಮನೆ ಬಿಟ್ಟು ಬಂದಿದ್ದೇವಲ್ಲ, ಹತ್ತು ನಿಮಿಷ ತಾನೆ?" ಎಂದು ಟೀಚರ್ ದಿಂಬನ್ನು ಕಂಕುಳಲ್ಲಿ ಒತ್ತಿಕೊಂಡು ಗೋಡೆಯತ್ತ ನಡೆದರು, ಅವರ ಹಿಂದೆ ಒಂದು ಸಾಲು.

ಆ ಸಾಲಿನಲ್ಲಿ ಅಕ್ಕ ಇರಲಿಲ್ಲ.

ದಯವಿಟ್ಟಪ್ಪ ಗಾಜಿಗೆ ಹಣೆ ಒತ್ತಿ ಹುಡುಕಿದ. ಬ್ಯಾಗನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ, ಅಕ್ಕ ಹೊರಗಿನ ಗೇಟಿನ ಕಡೆ ವೇಗವಾಗಿ ಹೋಗುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, ಕೇಳಿಸಿಕೊಂಡಿದ್ದಕ್ಕೇ ಹೋಗುತ್ತಿದ್ದಳು.

ಹೆಂಡತಿ ಅವನ ಮುಖ ನೋಡಿದಳು. ಹೇಳುವುದೆಲ್ಲ ಮುಗಿದುಹೋಗಿತ್ತು.

ದಯವಿಟ್ಟಪ್ಪ ಓಡಿದ. ಕೆಲಸದ ವೇಳೆಯಲ್ಲಿ ಗೂಡು ಬಿಟ್ಟು ಅವನು ಓಡಿದ್ದನ್ನು ಕಂಡ ಇಬ್ಬರು ಚಾಲಕರು ಬೆಂಕಿ ಬಿದ್ದಿದೆ ಎಂದುಕೊಂಡು ಬಸ್ಸಿನಿಂದ ಇಳಿದರು. ಮಫ್ಲರ್ ಎಲ್ಲೋ ಬಿತ್ತು. ಗೇಟಿನ ಹತ್ತಿರ ಅಕ್ಕನ ಮುಂದೆ ಹೋಗಿ ನಿಂತ.

"ಅಕ್ಕ ದಯವಿಟ್ಟು ಗಮನಿಸಿ..." ಎಂದು ಬಾಯಿಗೆ ಬಂತು.

"ನನ್ನ ಹತ್ರ ಮೈಕಲ್ಲಿ ಮಾತಾಡಬೇಡ" ಎಂದಳು ಅಕ್ಕ. "ದಾರಿ ಬಿಡು."

"ನಿನಗೆ ರಕ್ತ ಹೋಗ್ತಿದೆ ಅಂತ ನನಗೆ ಗೊತ್ತು."

ಅಕ್ಕ ನಿಂತಳು.

"ಹನ್ನೊಂದು ದಿನದಿಂದ ಗೊತ್ತು. ಏನೂ ಇಲ್ಲದೆ ಇರಬಹುದು ಅಂತ ನರ್ಸಮ್ಮ ಹೇಳಿದ್ರು. ಇರಲೂಬಹುದು ಅಂದ್ರು. ನೀನು ಬಾ ಅಕ್ಕ. ಅಮ್ಮನೂ ಹೀಗೇ ಯಾರಿಗೂ ಹೇಳದೆ ಹೋದಳು. ನನಗೆ ಹೆದರಿಕೆ ಆಗ್ತಿದೆ."

ಅಷ್ಟೂ ಮಾತು ಅವನ ಬಾಯಿಂದ ಒಂದು ಅಳತೆಯಿಲ್ಲದೆ, ಒಂದು ಏರಿಳಿತವಿಲ್ಲದೆ ಬಂತು. ಕೇಳಿದವರು ಯಾರೂ ಅದನ್ನು ಅವನ ಧ್ವನಿ ಎನ್ನುತ್ತಿರಲಿಲ್ಲ. ಕೇಳಿದ್ದು ಒಬ್ಬಳೇ.

ಅಕ್ಕನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಕೆಂಪಾದದ್ದು ಕೋಪಕ್ಕೆ.

"ಹನ್ನೊಂದು ದಿನ! ದಿನಾ ರಾತ್ರಿ ಊಟಕ್ಕೆ ಎದುರಿಗೇ ಕೂತಿರ್ತೀನಲ್ಲೋ! ಮಳೆ ಬರುತ್ತೆ ಅಂತ ಹೇಳೋಕೆ ಬಾಯಿ ಇತ್ತು, ಇದಕ್ಕೆ ಇರಲಿಲ್ವಾ?"

"ನಾಚಿಕೆ ಆಯ್ತು."

"ನಾಚಿಕೆ! ನಿನಗೆ ವಾಂತಿ ಭೇದಿ ಆದಾಗ ಬಳಿದು ಹಾಕಿದ ಕೈ ಇದು. ನನ್ನ ಹತ್ರ ನಿನಗೆ ನಾಚಿಕೆ! ಒಬ್ಬ ಅಕ್ಕನಿಗೆ ಹೇಳೋಕೆ ಊರಿನ ಹೆಂಗಸರನ್ನೆಲ್ಲ ಹೊದಿಕೆ ಸಮೇತ ಬಸ್ ಸ್ಟ್ಯಾಂಡಿಗೆ ಎಳೆದು ತಂದ್ಯಲ್ಲೋ!"

ಅಕ್ಕ ಇನ್ನೂ ಸ್ವಲ್ಪ ಬೈದಳು, ಆದರೆ ಬೈಗುಳದಲ್ಲಿ ಮೊದಲಿನ ಬಲ ಇರಲಿಲ್ಲ. ಕೊನೆಗೆ ಗೇಟನ್ನು ಒಮ್ಮೆ, ಗೋಡೆಯನ್ನು ಒಮ್ಮೆ ನೋಡಿದಳು.

"ಬ್ಯಾಗ್ ಹಿಡಿ" ಎಂದಳು.

ಆರೋಗ್ಯ ಕೇಂದ್ರದ ಹೊರಗೆ ಅರವತ್ತಮೂರು ಹೆಂಗಸರ ನಡುವೆ ಒಬ್ಬನೇ ಗಂಡಸು ಬ್ಯಾಗ್ ಹಿಡಿದು ನಿಂತಿದ್ದ. ಪ್ರತಿಯೊಬ್ಬಳೂ ಹೋಗುವಾಗೊಮ್ಮೆ ಬರುವಾಗೊಮ್ಮೆ ಅವನಿಗೆ ಬೈದಳು. ಮಗಳು ಲಸಿಕೆ ಹಾಕಿಸಿಕೊಂಡು ತೋಳು ಒತ್ತಿಕೊಳ್ಳುತ್ತಾ ಬಂದು, "ಇರುವೆ ಕಚ್ಚಿದಷ್ಟೇ, ಅಪ್ಪಾ. ನೀನೇನೂ ಹೆದರಬೇಡ" ಎಂದಳು.

ಅಕ್ಕ ಹೊರಗೆ ಬಂದಾಗ ನರ್ಸಮ್ಮ ಜೊತೆಗಿದ್ದಳು. ಕೈಯಲ್ಲಿ ಒಂದು ಚೀಟಿ. "ಒಂದು ಕಡೆ ಅನುಮಾನ ಇದೆ. ಸೋಮವಾರ ದೊಡ್ಡ ಆಸ್ಪತ್ರೆಗೆ ಹೋಗಿ. ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಅದಕ್ಕೆ ಮುಂಚೆ ಯಾರೂ ಏನೂ ಊಹೆ ಮಾಡಬೇಡಿ." ಅಕ್ಕ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಅಂಚು ಕೂಡಿಸಿ, ಉಗುರಿನಿಂದ ಗೆರೆ ತೀಡಿ ಒಳಗಿಟ್ಟುಕೊಂಡಳು. ಆಮೇಲೆ ಸಾಲಿನ ಕೊನೆಯಲ್ಲಿ ಹಿಂದೆ ಮುಂದೆ ನೋಡುತ್ತಿದ್ದವಳಿಗೆ, "ಏನು ನೋಡ್ತೀಯಾ? ಹೋಗು ಒಳಗೆ!" ಎಂದು ಗದರಿದಳು. ಅದು ಬಸ್ ನಿಲ್ದಾಣದವರೆಗೂ ಕೇಳಿಸಿತು.

ಸೋಮವಾರ ಅವನು ರಜೆ ಹಾಕಿದ. ಹೋಗಿ ಬಂದರು. ಆಮೇಲೆ ಹತ್ತು ದಿನ ಮನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಸಿಡುಕಿದರು. ಹನ್ನೊಂದನೇ ದಿನ ದಯವಿಟ್ಟಪ್ಪ ಆಸ್ಪತ್ರೆಯಿಂದ ಲಕೋಟೆ ತಂದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಓದು."

ಅವನು ಬಿಡಿಸಿದ. ಅಕ್ಷರಗಳು ಸ್ವಲ್ಪ ಹೊತ್ತು ಅಲ್ಲಾಡಿದವು.

"ಗರ್ಭಕಂಠದ ಜೀವಕೋಶಗಳಲ್ಲಿ... ಕ್ಯಾನ್ಸರಿಗೆ ಮುಂಚಿನ ಬದಲಾವಣೆಗಳು ಇವೆ." ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಕ್ಯಾನ್ಸರ್... ಕಂಡುಬಂದಿಲ್ಲ. ಸಣ್ಣ ಚಿಕಿತ್ಸೆ ಸಾಕು, ಅದೇ ದಿನ ಮನೆಗೆ ಬರಬಹುದು ಅಂತ ಡಾಕ್ಟರ್ ಹೇಳಿದ್ರು."

ಚಾಕು ನಿಂತಿತು.

"ಕೇಳಿಸ್ಲಿಲ್ಲ" ಎಂದಳು ಅಕ್ಕ. "ಇನ್ನೊಂದು ಸಲ ಓದು."

ಅವನು ಓದಿದ.

"ಜೋರಾಗಿ ಓದೋ."

ಅವನು ಇನ್ನೂ ಜೋರಾಗಿ ಓದಿದ. ಅಕ್ಕನಿಗೆ ಮೊದಲ ಸಲವೇ ಚೆನ್ನಾಗಿ ಕೇಳಿಸಿತ್ತು. ಅದು ಅವನಿಗೂ ಗೊತ್ತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಈರುಳ್ಳಿಯೇ ಇಲ್ಲದ ತಟ್ಟೆಯ ಮುಂದೆ ಈರುಳ್ಳಿಯನ್ನು ಬೈಯತೊಡಗಿದಳು. ಅವನು ನಾಲ್ಕನೇ ಸಲ ಓದಿದ.